ಹೆವಿವೇಟ್‌ಗಿಂತ ಮೇಲಿನ ತೂಕ ವರ್ಗ (ಮುಷ್ಟಿಯುದ್ಧ)

ಹೆವಿವೇಟ್‌ಗಿಂತ ಮೇಲಿನ ತೂಕ ವರ್ಗ ಎಂಬುದು ಮುಷ್ಟಿಯುದ್ಧದಲ್ಲಿ (ಬಾಕ್ಸಿಂಗ್) ಸುಮಾರು ಒಂದು ಶತಮಾನದಿಂದ ಆಗಾಗ ಕೇಳಿಬರುತ್ತಿರುವ ಪ್ರಸ್ತಾಪವಾಗಿದೆ. ವೃತ್ತಿಪರ ಮುಷ್ಟಿಯುದ್ಧದಲ್ಲಿ 200 ಪೌಂಡ್ (90.7 ಕೆ.ಜಿ.) ಮೀರಿದ ಎಲ್ಲ ಸ್ಪರ್ಧಿಗಳೂ ಹೆವಿವೇಟ್ ಎಂಬ ಒಂದೇ ವರ್ಗಕ್ಕೆ ಸೇರುತ್ತಾರೆ; ಈ ವರ್ಗಕ್ಕೆ ಮೇಲಿನ ಮಿತಿ ಇಲ್ಲ. ಆದ್ದರಿಂದ 95 ಕೆ.ಜಿ. ತೂಗುವವನು 140 ಕೆ.ಜಿ. ತೂಗುವವನೊಡನೆ ಹೋರಾಡುವುದಕ್ಕೆ ನಿಯಮದ ಅಡ್ಡಿಯಿಲ್ಲ. ಅತಿ ಭಾರದ ಸ್ಪರ್ಧಿಗಳನ್ನು ಬೇರ್ಪಡಿಸಿ ಅವರಿಗಾಗಿ ಪ್ರತ್ಯೇಕ ವರ್ಗವನ್ನು ರಚಿಸಬೇಕೆಂಬುದು ಪ್ರಸ್ತಾಪದ ತಿರುಳು. ಹವ್ಯಾಸಿ ಮುಷ್ಟಿಯುದ್ಧವು 1980ರ ದಶಕದ ಆರಂಭದಲ್ಲಿಯೇ 'ಸೂಪರ್ ಹೆವಿವೇಟ್' ವರ್ಗವನ್ನು ಅಳವಡಿಸಿಕೊಂಡಿತು. ವೃತ್ತಿಪರ ಕ್ಷೇತ್ರದಲ್ಲಿ ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್ (ಡಬ್ಲ್ಯೂಬಿಸಿ) 2020ರಲ್ಲಿ 'ಬ್ರಿಡ್ಜರ್‌ವೇಟ್' ಎಂಬ ನಡುವಣ ವರ್ಗವನ್ನು ಘೋಷಿಸಿತಾದರೂ ಅದಕ್ಕೆ ಸಾರ್ವತ್ರಿಕ ಮನ್ನಣೆ ದೊರೆತಿಲ್ಲ.

ಕರ್ನಾಟಕದ ಮಲ್ಲಪರಂಪರೆಯಲ್ಲಿ ಗಾತ್ರದ ವಿಚಾರ

ಹೋರಾಟಗಾರರನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸುವ ಆಲೋಚನೆ ಇಂಗ್ಲೆಂಡಿನಲ್ಲೇ ಹುಟ್ಟಿತೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಕಲ್ಯಾಣದ (ಇಂದಿನ ಬಸವಕಲ್ಯಾಣ) ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವೆಂಬ ಭಾಗವಿದ್ದು, ಅಲ್ಲಿ ಮಲ್ಲರನ್ನು ವಯಸ್ಸು, ದೇಹದ ಗಾತ್ರ ಮತ್ತು ಬಲವನ್ನು ಆಧರಿಸಿ ವರ್ಗೀಕರಿಸಲಾಗಿದೆ. ಅವರ ವ್ಯಾಯಾಮಕ್ರಮ, ಆಹಾರ, ಅರಮನೆಯಿಂದ ಅವರಿಗೆ ಸಲ್ಲಬೇಕಾದ ಬೇಳೆಕಾಳು, ಮಾಂಸ, ಹಾಲು, ಸಕ್ಕರೆಗಳ ವಿವರವೂ ಇದೆ. ತಕ್ಕಡಿಯ ಲೆಕ್ಕದ ತೂಕ ವರ್ಗ ಇದಲ್ಲ. ಆದರೆ ಸರಿಜೋಡಿಯಿಲ್ಲದ ಕಾಳಗ ನೋಡುವವರಿಗೂ ರುಚಿಸದು ಎಂಬ ತಿಳಿವಳಿಕೆ ಅದರಲ್ಲಿ ಸ್ಪಷ್ಟವಾಗಿದೆ. ಜಟ್ಟಿ ಎಂಬ ಕನ್ನಡದ ಮಾತು 'ಜ್ಯೇಷ್ಠಿ' ಎಂಬುದರಿಂದ ಬಂದಿತೆಂದು ಹೇಳುವುದುಂಟು.

ಆ ಚಾಲುಕ್ಯರ ಸಾಮಂತರಾಗಿದ್ದ ಕದಂಬರು ಆಳಿದ ಹಾನಗಲ್ಲಿಗೆ ಮಲ್ಲಯುದ್ಧದ ನಂಟು ಇನ್ನೊಂದು ಬಗೆಯಲ್ಲಿದೆ. ಸ್ಥಳೀಯ ಐತಿಹ್ಯವು ಹಾನಗಲ್ಲನ್ನು ಮಹಾಭಾರತದ ವಿರಾಟನಗರವೆಂದು ಗುರುತಿಸುತ್ತದೆ. ಅಡುಗೆಯವನ ವೇಷದಲ್ಲಿದ್ದ ಭೀಮನು ಜೀಮೂತನೆಂಬ ಮಲ್ಲನನ್ನು ಮಡುಹಿದ್ದೂ ಅನಂತರ ಕೀಚಕನನ್ನು ಕೊಂದದ್ದೂ ವಿರಾಟಪರ್ವದ ಕಥೆಗಳು. ಜೀಮೂತನು ಉಳಿದ ಮಲ್ಲರನ್ನೆಲ್ಲ ಅಂಜಿಸಿ ಕಣದಲ್ಲಿ ಒಬ್ಬನೇ ನಿಂತಾಗ, ಅವನ ಜೋಡಿಗೆ ತಕ್ಕವನನ್ನು ಅಡುಗೆಮನೆಯಿಂದ ಕರೆಸಬೇಕಾಯಿತೆಂಬ ಪ್ರಸಂಗವನ್ನು ಮಿತಿಯಿಲ್ಲದ ವರ್ಗದ ಸಮಸ್ಯೆಯೆಂದೂ ಓದಬಹುದು.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಸೀಮೆಯಲ್ಲಿ, ಚಿಕ್ಕೇರೂರಿನಂತಹ ಊರುಗಳ ಆಸುಪಾಸಿನಲ್ಲಿ, ಜಾತ್ರೆ ಹಬ್ಬಗಳ ಅಂಗವಾಗಿ ನಡೆಯುವ ಬಯಲು ಕುಸ್ತಿಗೆ 'ಜಂಗಿ ನಿಕಾಲಿ ಕುಸ್ತಿ' ಎಂಬ ಹೆಸರಿದೆ. ನಿಕಾಲಿ ಎಂದರೆ ಒಬ್ಬನು ಚಿತ್ ಆಗಿ ಫಲಿತಾಂಶ ಹೊರಬೀಳುವವರೆಗೆ ನಡೆಯುವ ಕುಸ್ತಿ. ಇಲ್ಲಿ ತಕ್ಕಡಿಯಿಲ್ಲ. ಊರ ಹಿರಿಯರು ಮತ್ತು ಹಳೆಯ ಪೈಲ್ವಾನರು ಕಣದ ಅಂಚಿನಲ್ಲಿ ನಿಂತು ಇಬ್ಬರ ಎತ್ತರ, ತೋಳು, ತೊಡೆ, ಹಿಂದಿನ ಗೆಲುವುಗಳನ್ನು ನೋಡಿ ಜೋಡಿ ಕಟ್ಟುತ್ತಾರೆ. ಹುಡುಗರ ಕುಸ್ತಿಗೆ ತೆಂಗಿನಕಾಯಿಯ ಬಹುಮಾನ. ಹೊತ್ತು ಇಳಿದಂತೆ ಜೋಡಿಗಳು ದೊಡ್ಡವಾಗುತ್ತವೆ. ಕೊನೆಯ ಜೋಡಿಗೆ ಬೆಳ್ಳಿಯ ಕಡಗ ಇಲ್ಲವೆ ಗದೆ. ಜೋಡಿ ಸರಿಯಿಲ್ಲವೆಂದು ಕಂಡರೆ ಸುತ್ತ ಕೂತ ಜನರೇ ಕೂಗಿ ಎಬ್ಬಿಸುವುದುಂಟು. ಕಣ್ಣಳತೆಯ ಈ ಪದ್ಧತಿಗೆ ಒಂದು ಅನುಕೂಲವಿದೆ: ಅದು ತೂಕವನ್ನು ಮಾತ್ರ ನೋಡದೆ ಪಟ್ಟಿನ ಬಲ್ಮೆಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಅನನುಕೂಲವೂ ಅಷ್ಟೇ ಸ್ಪಷ್ಟ: ಜೋಡಿ ಕಟ್ಟುವವರ ಪಕ್ಷಪಾತಕ್ಕೆ ತಡೆಯಿಲ್ಲ.

ಮೈಸೂರು ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗವು ಕರ್ನಾಟಕದಲ್ಲಿ ಮುಷ್ಟಿಯುದ್ಧಕ್ಕೆ ಅತ್ಯಂತ ಸಮೀಪದ ಸಾಂಪ್ರದಾಯಿಕ ರೂಪ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿ ಮನೆತನದವರು ಇದರಲ್ಲಿ ಭಾಗವಹಿಸುತ್ತಾರೆ. ಇಲ್ಲಿಯೂ ತೂಕ ವರ್ಗವಿಲ್ಲ. ಜೋಡಿಗಳನ್ನು ಹಿರಿಯರು ಮೊದಲೇ ಗೊತ್ತುಮಾಡುತ್ತಾರೆ. ತಲೆಯಿಂದ ಮೊದಲ ರಕ್ತದ ಹನಿ ಕಾಣುತ್ತಲೇ ಕಾಳಗ ಮುಗಿಯುವುದರಿಂದ, ಭಾರದವನಿಗೆ ತನ್ನ ಭಾರವನ್ನು ಬಳಸಿ ಎದುರಾಳಿಯನ್ನು ದಣಿಸುವ ಅವಕಾಶವೇ ಸಿಗುವುದಿಲ್ಲ. ಹನ್ನೆರಡು ಸುತ್ತು ನಡೆಯುವ ಆಧುನಿಕ ಮುಷ್ಟಿಯುದ್ಧದಲ್ಲಿ ತೂಕ ಏಕೆ ಅಷ್ಟೊಂದು ಮುಖ್ಯವಾಗುತ್ತದೆ ಎಂಬುದನ್ನು ಈ ವ್ಯತ್ಯಾಸ ತಿಳಿಸುತ್ತದೆ.

ತೂಕ ವರ್ಗಗಳ ಬೆಳವಣಿಗೆ

ಇಂಗ್ಲೆಂಡಿನ ಬರಿಗೈ ಮುಷ್ಟಿಯುದ್ಧದ ಕಾಲದಲ್ಲಿ ತೂಕದ ಮಿತಿಗಳಿರಲಿಲ್ಲ. ಸುಮಾರು 73 ಕೆ.ಜಿ. ತೂಗುತ್ತಿದ್ದ ಡೇನಿಯಲ್ ಮೆಂಡೋಜಾ 1790ರ ದಶಕದಲ್ಲಿ ಇಡೀ ದೇಶದ ಚಾಂಪಿಯನ್ ಎನಿಸಿದ್ದನು. 1795ರಲ್ಲಿ ಅವನನ್ನು ಸೋಲಿಸಿದ ಜಾನ್ ಜಾಕ್ಸನ್ ಹೆಚ್ಚು ಎತ್ತರದ, ಭಾರದ ಆಳು. ಆದರೆ ಗೆಲುವಿಗೆ ಕಾರಣವಾದದ್ದು ಮೆಂಡೋಜಾನ ಉದ್ದಗೂದಲನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಗುದ್ದಿದ್ದು. (ಮೈಸೂರಿನ ಜಟ್ಟಿಗಳು ಕಾಳಗಕ್ಕೆ ಮೊದಲು ತಲೆ ಬೋಳಿಸಿಕೊಳ್ಳುವುದನ್ನು ಇಲ್ಲಿ ನೆನೆಯಬಹುದು.)

1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬೆರಿ ನಿಯಮಗಳ ಕಾಲದಿಂದ ಲೈಟ್, ಮಿಡಲ್, ಹೆವಿ ಎಂಬ ವಿಂಗಡಣೆ ರೂಢಿಗೆ ಬಂದಿತು. ಲಂಡನ್ನಿನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್ 1909ರಲ್ಲಿ ಎಂಟು ವರ್ಗಗಳನ್ನು ಸ್ಥಿರಪಡಿಸಿತು. ಅದರ ಪ್ರಕಾರ ಲೈಟ್ ಹೆವಿವೇಟ್‌ನ ಮಿತಿ 175 ಪೌಂಡ್ (79.4 ಕೆ.ಜಿ.), ಅದನ್ನು ಮೀರಿದವರೆಲ್ಲ ಹೆವಿವೇಟ್. ಆ ಕಾಲಕ್ಕೆ ಇದು ಅಸಂಗತವೇನೂ ಆಗಿರಲಿಲ್ಲ. 1897ರಲ್ಲಿ ಹೆವಿವೇಟ್ ಪಟ್ಟ ಗೆದ್ದ ಬಾಬ್ ಫಿಟ್ಜ್‌ಸಿಮನ್ಸ್ ತೂಗಿದ್ದು ಸುಮಾರು 76 ಕೆ.ಜಿ. ಮಾತ್ರ. 1950ರ ದಶಕದಲ್ಲಿ ಸೋಲಿಲ್ಲದೆ ನಿವೃತ್ತನಾದ ರಾಕಿ ಮಾರ್ಸಿಯಾನೊ ಕೂಡ 84–85 ಕೆ.ಜಿ.ಯವನು. ಇಂದಿನ ನಿಯಮದಲ್ಲಿ ಆತ ಹೆವಿವೇಟ್ ವರ್ಗಕ್ಕೇ ಬರುವುದಿಲ್ಲ.

ಹೆವಿವೇಟ್‌ಗಳ ಗಾತ್ರ ಬೆಳೆದಂತೆ ಅವರ ಕೆಳಗೆ ಹೊಸ ವರ್ಗವೊಂದು ಬೇಕಾಯಿತು. 1979ರಲ್ಲಿ ಡಬ್ಲ್ಯೂಬಿಸಿ 190 ಪೌಂಡ್ (86.2 ಕೆ.ಜಿ.) ಮಿತಿಯ ಕ್ರೂಸರ್‌ವೇಟ್ ವರ್ಗವನ್ನು ಆರಂಭಿಸಿತು. ಮಾರ್ವಿನ್ ಕ್ಯಾಮೆಲ್ ಮತ್ತು ಮಾಟೆ ಪಾರ್ಲೊವ್ ನಡುವಿನ ಮೊದಲ ಪಟ್ಟದ ಪಂದ್ಯ ಸಮವಾಗಿ, ಮರುವರ್ಷದ ಮರುಪಂದ್ಯದಲ್ಲಿ ಕ್ಯಾಮೆಲ್ ಗೆದ್ದನು. 2003ರ ಸುಮಾರಿಗೆ ಈ ಮಿತಿ 200 ಪೌಂಡಿಗೆ ಏರಿತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಹೆವಿವೇಟ್‌ನ ಕೆಳಗಿನ ಗಡಿ 79ರಿಂದ 86ಕ್ಕೆ, ಅಲ್ಲಿಂದ 91 ಕೆ.ಜಿ.ಗೆ ಸರಿಯುತ್ತ ಬಂದಿದೆ. ಮೇಲಿನ ಗಡಿಯನ್ನು ಮಾತ್ರ ಯಾರೂ ಎಳೆದಿಲ್ಲ.

ಕಾರ್ನೆರಾ ಮತ್ತು 1933ರ ಪ್ರಸ್ತಾಪ

ಮೇಲಿನ ವರ್ಗದ ಬೇಡಿಕೆಯನ್ನು ಮೊದಲ ಬಾರಿಗೆ ಗಂಭೀರವಾಗಿ ಮುಂದಿಟ್ಟ ಸಂದರ್ಭ ಒಂದು ಸಾವಿನದು. 1933ರ ಫೆಬ್ರವರಿ 10ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಇಟಲಿಯ ಪ್ರೀಮೊ ಕಾರ್ನೆರಾ ಮತ್ತು ಅಮೆರಿಕದ ಅರ್ನಿ ಶಾಫ್ ಸೆಣಸಿದರು. ಕಾರ್ನೆರಾನ ತೂಕ ಸುಮಾರು 120 ಕೆ.ಜಿ.; ಶಾಫ್‌ನದು ಸುಮಾರು 94. ಹದಿಮೂರನೆಯ ಸುತ್ತಿನಲ್ಲಿ ಕುಸಿದ ಶಾಫ್ ಪ್ರಜ್ಞೆ ಮರಳದೆ ಫೆಬ್ರವರಿ 14ರಂದು ತೀರಿಕೊಂಡನು. ನ್ಯೂಯಾರ್ಕ್ ಅಥ್ಲೆಟಿಕ್ ಆಯೋಗದ ವಯೋವೃದ್ಧ ಸದಸ್ಯ ವಿಲಿಯಂ ಮುಲ್ಡೂನ್, ಸ್ವತಃ ಹಿಂದೆ ಹೆಸರಾಂತ ಕುಸ್ತಿಪಟುವಾಗಿದ್ದವರು, ಕಾರ್ನೆರಾನಂಥವರು ಸಾಮಾನ್ಯ ಹೆವಿವೇಟ್‌ಗಳೊಡನೆ ಹೋರಾಡಬಾರದು, ಅವರಿಗೆ ಪ್ರತ್ಯೇಕ ವರ್ಗವಿರಬೇಕು ಎಂದರು. ಆ ಕಾಲದ ಭಾರಿ ಯುದ್ಧನೌಕೆಗಳ ಹೆಸರಿನಿಂದ ಅದನ್ನು 'ಡ್ರೆಡ್‌ನಾಟ್' ವರ್ಗವೆಂದು ಕರೆಯಲಾಯಿತು.

ಪ್ರಸ್ತಾಪ ನಿಲ್ಲಲಿಲ್ಲ. ಶಾಫ್‌ನ ಸಾವಿಗೆ ಕಾರ್ನೆರಾನ ಏಟುಗಳಿಗಿಂತ ಹಿಂದಿನ ವರ್ಷ ಮ್ಯಾಕ್ಸ್ ಬೇರ್‌ನಿಂದ ತಿಂದಿದ್ದ ಪೆಟ್ಟುಗಳೂ ಅವನ ಅನಾರೋಗ್ಯವೂ ಕಾರಣವೆಂಬ ಅಭಿಪ್ರಾಯ ಬಲವಾಯಿತು. ಅದೇ ವರ್ಷದ ಜೂನ್‌ನಲ್ಲಿ ಕಾರ್ನೆರಾ ಜ್ಯಾಕ್ ಶಾರ್ಕಿಯನ್ನು ಸೋಲಿಸಿ ವಿಶ್ವಪಟ್ಟವನ್ನೇ ಪಡೆದನು. 1934ರ ಮಾರ್ಚ್ 1ರಂದು ಮಯಾಮಿಯಲ್ಲಿ ಅವನು ಟಾಮಿ ಲೊಗ್ರನ್‌ನನ್ನು ಎದುರಿಸಿದಾಗ ಇಬ್ಬರ ನಡುವಿನ ಅಂತರ 86 ಪೌಂಡ್, ಅಂದರೆ 39 ಕೆ.ಜಿ. ಲೊಗ್ರನ್‌ನ ಒಟ್ಟು ತೂಕದ ಅರ್ಧಕ್ಕೆ ಸ್ವಲ್ಪವೇ ಕಡಿಮೆ. ಲೊಗ್ರನ್ ಹದಿನೈದು ಸುತ್ತು ನಿಂತು ಅಂಕಗಳಲ್ಲಿ ಸೋತನು. ಮೂರೂವರೆ ತಿಂಗಳ ಬಳಿಕ ಮ್ಯಾಕ್ಸ್ ಬೇರ್ ಕಾರ್ನೆರಾನನ್ನು ಮತ್ತೆ ಮತ್ತೆ ಕೆಡವಿ ಪಟ್ಟ ಕಸಿದುಕೊಂಡನು. 1935ರಲ್ಲಿ ಜೋ ಲೂಯಿ, ಸುಮಾರು 30 ಕೆ.ಜಿ. ಕಡಿಮೆ ತೂಗುತ್ತಿದ್ದ ತರುಣ, ಆರನೆಯ ಸುತ್ತಿನಲ್ಲಿ ಅವನನ್ನು ಮುಗಿಸಿದನು. ದೈತ್ಯನನ್ನು ಸೋಲಿಸಬಹುದೆಂದು ಕಂಡಮೇಲೆ ದೈತ್ಯರಿಗೊಂದು ವರ್ಗ ಬೇಕೆಂಬ ಮಾತು ತಣ್ಣಗಾಯಿತು. ಒಬ್ಬನೇ ವ್ಯಕ್ತಿಯ ಏಳುಬೀಳುಗಳ ಮೇಲೆ ನಿಯಮದ ಪ್ರಶ್ನೆ ತೀರ್ಮಾನವಾದದ್ದು ಇದೊಂದೇ ಸಲವಲ್ಲ.

ಹವ್ಯಾಸಿ ಮುಷ್ಟಿಯುದ್ಧದಲ್ಲಿ ಸೂಪರ್ ಹೆವಿವೇಟ್

ಒಲಿಂಪಿಕ್ಸ್‌ನಲ್ಲಿ 1952ರಿಂದ 81 ಕೆ.ಜಿ. ಮೀರಿದವರೆಲ್ಲ ಹೆವಿವೇಟ್ ಆಗಿದ್ದರು. ಕ್ಯೂಬಾದ ಟಿಯೊಫಿಲೊ ಸ್ಟೀವನ್‌ಸನ್ 1972, 1976, 1980ರಲ್ಲಿ ಸತತ ಮೂರು ಚಿನ್ನ ಗೆದ್ದದ್ದು ಈ ವರ್ಗದಲ್ಲಿ. 1982ರ ಮ್ಯೂನಿಕ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 91 ಕೆ.ಜಿ.ಯ ಗೆರೆ ಎಳೆದು ಹೆವಿವೇಟ್ ಮತ್ತು ಸೂಪರ್ ಹೆವಿವೇಟ್ ಎಂದು ವಿಭಾಗಿಸಲಾಯಿತು; 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಇದು ಮೊದಲ ಬಾರಿಗೆ ಜಾರಿಗೆ ಬಂದಿತು. ಎರಡೂ ಕಡೆ ಮೊದಲ ಚಿನ್ನ ಅಮೆರಿಕದ ಟೈರೆಲ್ ಬಿಗ್ಸ್‌ಗೆ ಸಂದಿತು. ಅನಂತರ ಲೆನಾಕ್ಸ್ ಲೂಯಿಸ್ (1988), ವ್ಲಾಡಿಮಿರ್ ಕ್ಲಿಚ್ಕೊ (1996), ಅಲೆಕ್ಸಾಂಡರ್ ಪೊವೆಟ್ಕಿನ್ (2004), ಆಂಥನಿ ಜೋಶುವಾ (2012) ಈ ವರ್ಗದ ಚಿನ್ನದೊಡನೆ ವೃತ್ತಿಪರ ಕಣಕ್ಕೆ ಬಂದವರು. ಉಜ್ಬೇಕಿಸ್ತಾನದ ಬಖೊದಿರ್ ಜಲೊಲೊವ್ 2021ರಲ್ಲಿ ನಡೆದ ಟೋಕಿಯೊ ಹಾಗೂ 2024ರ ಪ್ಯಾರಿಸ್ ಕ್ರೀಡಾಕೂಟಗಳೆರಡರಲ್ಲೂ ಗೆದ್ದನು. ಪ್ಯಾರಿಸ್‌ನಲ್ಲಿ ಗೆರೆ 92 ಕೆ.ಜಿ.ಗೆ ಸರಿದಿತ್ತು.

ಹೆಸರಿನಿಂದ ಗೊಂದಲವಾಗುವುದುಂಟು. ಹವ್ಯಾಸಿ ಕ್ರೀಡೆಯ ಸೂಪರ್ ಹೆವಿವೇಟ್ ಆರಂಭವಾಗುವ ಬಿಂದು ಹೆಚ್ಚುಕಡಿಮೆ ವೃತ್ತಿಪರ ಹೆವಿವೇಟ್ ಆರಂಭವಾಗುವ ಬಿಂದುವೇ. ಹವ್ಯಾಸಿ ಹೆವಿವೇಟ್ ಎನ್ನುವುದು ವೃತ್ತಿಪರ ಕ್ರೂಸರ್‌ವೇಟ್‌ಗೆ ಸಮ. ಆದ್ದರಿಂದ ಹವ್ಯಾಸಿ ಕ್ರೀಡೆಯಲ್ಲಿ ಈ ಪ್ರಶ್ನೆ ಬಗೆಹರಿದಿದೆ ಎಂಬ ಮಾತು ಪೂರ್ತಿ ಸರಿಯಲ್ಲ: ಅಲ್ಲಿಯೂ 93 ಕೆ.ಜಿ.ಯವನು 130 ಕೆ.ಜಿ.ಯವನನ್ನು ಎದುರಿಸಬೇಕಾಗುತ್ತದೆ.

ಬ್ರಿಡ್ಜರ್‌ವೇಟ್

2020ರ ನವೆಂಬರ್‌ನಲ್ಲಿ ಡಬ್ಲ್ಯೂಬಿಸಿ 200ರಿಂದ 224 ಪೌಂಡ್ (90.7–101.6 ಕೆ.ಜಿ.) ನಡುವಿನ ಹೊಸ ವರ್ಗವನ್ನು ಘೋಷಿಸಿತು. ಅದೇ ವರ್ಷದ ಜುಲೈನಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ನಾಯಿಯ ದಾಳಿಯಿಂದ ತಂಗಿಯನ್ನು ಕಾಪಾಡಿ ಮುಖಕ್ಕೆ ತೀವ್ರ ಗಾಯ ಮಾಡಿಕೊಂಡ ಆರು ವರ್ಷದ ಬ್ರಿಡ್ಜರ್ ಎಂಬ ಬಾಲಕನ ಹೆಸರನ್ನು ಅದಕ್ಕಿಡಲಾಯಿತು. ತೂಕ ವರ್ಗವೊಂದಕ್ಕೆ ವ್ಯಕ್ತಿಯ ಹೆಸರು ಬಂದದ್ದು ಮುಷ್ಟಿಯುದ್ಧದಲ್ಲಿ ವಿರಳ.

ಇದು ಹೊಸ 'ಮೇಲಿನ' ವರ್ಗವೆಂದು ಕಾಣದಿದ್ದರೂ ಪರಿಣಾಮದಲ್ಲಿ ಅದೇ. ಹಳೆಯ ಹೆವಿವೇಟ್ ಎರಡಾಗಿ ಸೀಳಿ, 'ಹೆವಿವೇಟ್' ಎಂಬ ಹೆಸರು ಮೇಲಿನ ತುಂಡಿಗೆ ಉಳಿಯಿತು. ಹೆಸರನ್ನು ಹೀಗೆ ಉಳಿಸಿಕೊಂಡುದರ ಹಿಂದೆ ವಾಣಿಜ್ಯದ ಜಾಣ್ಮೆಯಿದೆ: ಹೆವಿವೇಟ್ ಚಾಂಪಿಯನ್ ಎಂಬ ಪದವಿಯ ಮೇಲೆ ಇನ್ನೊಂದು ಪದವಿ ಬಂದರೆ ಅದರ ಬೆಲೆ ಕುಸಿಯುತ್ತದೆ.

2021ರ ಅಕ್ಟೋಬರ್‌ನಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ರಯನ್ ರೊಜಿಕಿಯನ್ನು ಸೋಲಿಸಿ ಆಸ್ಕರ್ ರಿವಾಸ್ ಈ ವರ್ಗದ ಮೊದಲ ಚಾಂಪಿಯನ್ ಆದನು. ಆಮೇಲೆ ಪೋಲೆಂಡಿನ ಲುಕಾಶ್ ರೊಜಾನ್ಸ್ಕಿ (2023), ಇಂಗ್ಲೆಂಡಿನ ಲಾರೆನ್ಸ್ ಒಕೋಲಿ (2024) ಪಟ್ಟ ಧರಿಸಿದರು. ಒಕೋಲಿ ಅದನ್ನು ಹೆಚ್ಚು ಕಾಲ ಇಟ್ಟುಕೊಳ್ಳದೆ ಹೆವಿವೇಟ್‌ಗೆ ಏರಿದನು. ವರ್ಲ್ಡ್ ಬಾಕ್ಸಿಂಗ್ ಅಸೋಸಿಯೇಷನ್ (ಡಬ್ಲ್ಯೂಬಿಎ) 2023ರಲ್ಲಿ ಇದೇ ಬಗೆಯ ವರ್ಗವನ್ನು ಸ್ವೀಕರಿಸಿತು. ಉಳಿದೆರಡು ಪ್ರಮುಖ ಸಂಸ್ಥೆಗಳಾದ ಐಬಿಎಫ್ ಮತ್ತು ಡಬ್ಲ್ಯೂಬಿಒ ಸೇರಿಕೊಳ್ಳಲಿಲ್ಲ. ಹೆಸರಾಂತ ಹೋರಾಟಗಾರರು ಈ ಪಟ್ಟವನ್ನು ಅರಸಿ ಬಾರದಿರುವುದೇ ಇದರ ದೊಡ್ಡ ಕೊರತೆ.

ಪ್ರತ್ಯೇಕ ವರ್ಗದ ಪರವಾದ ವಾದಗಳು

ಮೊದಲನೆಯದು ಅನುಪಾತದ ವಾದ. ವೃತ್ತಿಪರ ಕ್ರೀಡೆಯ ಅತಿ ಕೆಳಗಿನ ವರ್ಗದ ಮಿತಿ 105 ಪೌಂಡ್, ಅದರ ಮೇಲಿನದು 108. ಮೂರು ಪೌಂಡಿನ, ಅಂದರೆ ಒಂದೂವರೆ ಕಿಲೊ ಮೀರದ ವ್ಯತ್ಯಾಸಕ್ಕಾಗಿ ಅಲ್ಲಿ ಪ್ರತ್ಯೇಕ ವಿಶ್ವಪಟ್ಟವಿದೆ. ಮೇಲಿನ ತುದಿಯಲ್ಲಿ 2009ರ ನವೆಂಬರ್‌ನಲ್ಲಿ ಡೇವಿಡ್ ಹೇ ಎದುರಿಸಿದ ನಿಕೊಲಾಯ್ ವಲುಯೆವ್ ಅವನಿಗಿಂತ ಸುಮಾರು 45 ಕೆ.ಜಿ. ಹೆಚ್ಚು ತೂಗುತ್ತಿದ್ದನು, ಎತ್ತರ 213 ಸೆಂ.ಮೀ. ಕೆಳಗೆ ಶೇಕಡಾ ಮೂರರ ವ್ಯತ್ಯಾಸ ಅನ್ಯಾಯವೆನಿಸಿದರೆ ಮೇಲೆ ಶೇಕಡಾ ನಲವತ್ತೈದರ ವ್ಯತ್ಯಾಸ ಹೇಗೆ ನ್ಯಾಯವೆಂಬ ಪ್ರಶ್ನೆಗೆ ನೇರ ಉತ್ತರ ಯಾರಲ್ಲೂ ಇಲ್ಲ.

ಎರಡನೆಯದು ಸುರಕ್ಷತೆಯದು. ಭಾರ ಹೆಚ್ಚಿದಂತೆ ಹೊಡೆತದ ಬಲ ಹೆಚ್ಚುತ್ತದೆ. ಆದರೆ ಅದನ್ನು ತಾಳುವ ಮೆದುಳು ಎಲ್ಲ ಮನುಷ್ಯರಲ್ಲೂ ಹೆಚ್ಚುಕಡಿಮೆ ಒಂದೇ ಗಾತ್ರದ್ದು. ಹೊಡೆತವಲ್ಲದೆ ತೆಕ್ಕೆಗೆ ಬಿದ್ದಾಗ ಎದುರಾಳಿಯ ಕುತ್ತಿಗೆಯ ಮೇಲೆ ತನ್ನ ಭಾರ ಹಾಕಿ ದಣಿಸುವ ತಂತ್ರವೂ ದೊಡ್ಡ ದೇಹದವನಿಗೆ ಅನುಕೂಲ.

ಮೂರನೆಯದು ಜೀವನೋಪಾಯದ್ದು. 92ರಿಂದ 100 ಕೆ.ಜಿ. ತೂಗುವ ಹೋರಾಟಗಾರನಿಗೆ ಕ್ರೂಸರ್‌ವೇಟ್‌ಗೆ ಇಳಿಯುವುದು ದೇಹಕ್ಕೆ ಕಷ್ಟ. ಹೆವಿವೇಟ್‌ನಲ್ಲಿ ನಿಂತರೆ ದೈತ್ಯರ ಪಾಲಾಗಬೇಕು. ಅನೇಕರು ಇದಕ್ಕಾಗಿಯೇ ಕೊಬ್ಬು ಬೆಳೆಸಿಕೊಂಡು ಮೇಲೇರಿ, ವೇಗ ಕಳೆದುಕೊಳ್ಳುತ್ತಾರೆ.

ವಿರುದ್ಧವಾದ ವಾದಗಳು

ವಿರೋಧಿಗಳ ಅತ್ಯಂತ ಬಲವಾದ ಸಾಕ್ಷ್ಯ ಪಂದ್ಯಗಳ ಫಲಿತಾಂಶವೇ. 1919ರಲ್ಲಿ 85 ಕೆ.ಜಿ.ಯ ಜ್ಯಾಕ್ ಡೆಂಪ್ಸಿ 111 ಕೆ.ಜಿ.ಯ ಜೆಸ್ ವಿಲಾರ್ಡ್‌ನನ್ನು ಮೊದಲ ಸುತ್ತಿನಲ್ಲೇ ಏಳು ಬಾರಿ ಕೆಡವಿದನು. ಮೇಲೆ ಹೇಳಿದ ಪಂದ್ಯದಲ್ಲಿ ಹೇ ವಲುಯೆವ್‌ನನ್ನು ಅಂಕಗಳಲ್ಲಿ ಸೋಲಿಸಿದನು. 97 ಕೆ.ಜಿ.ಯ ಆಸುಪಾಸಿನಲ್ಲಿದ್ದ ಡಿಯೊಂಟೆ ವೈಲ್ಡರ್ ಐದು ವರ್ಷ ಡಬ್ಲ್ಯೂಬಿಸಿ ಹೆವಿವೇಟ್ ಪಟ್ಟವನ್ನು ಕಾಪಾಡಿಕೊಂಡನು. ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಕ್ರೂಸರ್‌ವೇಟ್‌ನ ನಾಲ್ಕೂ ಪಟ್ಟಗಳನ್ನು 2018ರಲ್ಲಿ ಒಟ್ಟುಗೂಡಿಸಿ, ಮೇಲೇರಿ, 2021ರಲ್ಲಿ ಜೋಶುವಾನನ್ನೂ 2024ರ ಮೇ ತಿಂಗಳಲ್ಲಿ ಟೈಸನ್ ಫ್ಯೂರಿಯನ್ನೂ ಸೋಲಿಸಿದನು. ಫ್ಯೂರಿ ಜೊತೆಗಿನ ಮೊದಲ ಪಂದ್ಯದಲ್ಲಿ ಉಸಿಕ್‌ನ ತೂಕ ಸುಮಾರು 101 ಕೆ.ಜಿ., ಫ್ಯೂರಿಯದು ಸುಮಾರು 119; ಡಿಸೆಂಬರ್‌ನ ಮರುಪಂದ್ಯದಲ್ಲಿ ಫ್ಯೂರಿ ಉಡುಪು ತೊಟ್ಟೇ ತಕ್ಕಡಿ ಏರಿ 127 ಕೆ.ಜಿ. ದಾಟಿದನು. ಎರಡರಲ್ಲೂ ಉಸಿಕ್‌ಗೆ ಗೆಲುವು. ಎಲ್ಲ ಸಂಸ್ಥೆಗಳೂ ಬ್ರಿಡ್ಜರ್‌ವೇಟ್‌ನ ಗೆರೆಯನ್ನು ಕಡ್ಡಾಯ ಮಾಡಿದ್ದರೆ ಮೊದಲ ಪಂದ್ಯ ನಡೆಯುವುದೇ ಕಷ್ಟವಿತ್ತು.

ಆದರೆ ಈ ಪಟ್ಟಿಯನ್ನು ಎಚ್ಚರದಿಂದ ಓದಬೇಕು. ಇವರೆಲ್ಲ ತಮ್ಮ ಕಾಲದ ಅಸಾಧಾರಣ ಪ್ರತಿಭೆಗಳು. ನಿಯಮಗಳನ್ನು ಮಾಡಬೇಕಾದದ್ದು ಸಾಧಾರಣ ಹೋರಾಟಗಾರನಿಗಾಗಿ. ಅವನು ದೈತ್ಯನೆದುರು ಸೋತ ಪಂದ್ಯ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. 46ನೆಯ ವಯಸ್ಸಿನಲ್ಲಿ ವಲುಯೆವ್‌ನನ್ನು ಎದುರಿಸಿದ ಇವಾಂಡರ್ ಹೋಲಿಫೀಲ್ಡ್ 2008ರ ಡಿಸೆಂಬರ್‌ನಲ್ಲಿ ಅಂಕಗಳಲ್ಲಿ ಸೋತಾಗ ತೀರ್ಪೇ ತಪ್ಪೆಂದು ಅನೇಕರು ವಾದಿಸಿದರು. ಹೋಲಿಫೀಲ್ಡ್ ಕೂಡ ಹಿಂದೆ ಕ್ರೂಸರ್‌ವೇಟ್‌ನಿಂದ ಬಂದವನೇ.

ಎರಡನೆಯ ಆಕ್ಷೇಪ ತೂಕ ಇಳಿಸುವ ಪಿಡುಗಿನದು. ಕೆಳಗಿನ ವರ್ಗಗಳ ಹೋರಾಟಗಾರರು ತೂಕ ನೋಡುವ ದಿನಕ್ಕೆ ಮುಂಚೆ ನೀರು ಬಿಟ್ಟು, ಬೆವರು ಸುರಿಸಿ ದೇಹವನ್ನು ಒಣಗಿಸುತ್ತಾರೆ. ಹೀಗೆ ನೀರಿಳಿದ ದೇಹ ತಲೆಯ ಏಟನ್ನು ತಾಳುವ ಶಕ್ತಿ ಕಳೆದುಕೊಳ್ಳುತ್ತದೆಂಬ ಆತಂಕ ವೈದ್ಯರಲ್ಲಿದೆ. ಈ ಪಿಡುಗು ತಟ್ಟದ ವರ್ಗ ಹೆವಿವೇಟ್ ಒಂದೇ. ಅಲ್ಲಿ ಹೊಸ ಗೆರೆ ಎಳೆದರೆ 108 ಕೆ.ಜಿ.ಯವನು 101ಕ್ಕೆ ಇಳಿಯಲು ಹೆಣಗುವುದು ಖಚಿತ. ಸುರಕ್ಷತೆಯ ಹೆಸರಿನಲ್ಲಿ ತಂದ ನಿಯಮ ಇನ್ನೊಂದು ಅಪಾಯವನ್ನು ತರಬಹುದು.

ಮೂರನೆಯದು ಪಟ್ಟಗಳ ಹೆಚ್ಚಳ. 1909ರಲ್ಲಿ ಎಂಟಿದ್ದ ವರ್ಗಗಳು ಈಗ ಹದಿನೇಳನ್ನು ದಾಟಿವೆ. ಬಹುತೇಕ ಪ್ರತಿ ವರ್ಗಕ್ಕೂ ನಾಲ್ಕು ಸಂಸ್ಥೆಗಳ ಪಟ್ಟಗಳಿವೆ. ಪಟ್ಟದ ಪಂದ್ಯಗಳಿಂದ ಸಂಸ್ಥೆಗಳು ಶುಲ್ಕ ಪಡೆಯುವುದರಿಂದ ಪ್ರತಿ ಹೊಸ ವರ್ಗವೂ ಅವುಗಳಿಗೆ ಆದಾಯದ ಮೂಲ. ಇದರ ಜೊತೆಗೆ ಸೇರುವುದು ಭಾವನೆಯ ಮಾತು: ಉಳಿದೆಲ್ಲ ವರ್ಗಗಳ ಚಾಂಪಿಯನ್ ತನ್ನ ಗಾತ್ರದವರಲ್ಲಿ ಮೊದಲಿಗ, ಹೆವಿವೇಟ್ ಚಾಂಪಿಯನ್ ಮಾತ್ರ ಎಲ್ಲ ಮನುಷ್ಯರಲ್ಲಿ ಮೊದಲಿಗ ಎಂಬ ಹಳೆಯ ನಂಬಿಕೆ. ಜಾತ್ರೆಯ ಕೊನೆಯ ಕುಸ್ತಿಗೆ ಜನ ಕತ್ತಲಾದರೂ ಕಾದು ಕೂರುವುದರ ಹಿಂದೆ ಇರುವುದೂ ಇದೇ.

ಇತರ ಕಾಳಗ ಕ್ರೀಡೆಗಳ ಮಾರ್ಗ

ಕುಸ್ತಿಯ ಅಂತರರಾಷ್ಟ್ರೀಯ ಸಂಸ್ಥೆ ಬೇರೆ ದಾರಿ ಹಿಡಿಯಿತು. 1969ರಿಂದ 100 ಕೆ.ಜಿ. ಮೀರಿದವರಿಗೆ ಮಿತಿಯಿಲ್ಲದ ಮೇಲಿನ ವರ್ಗವಿತ್ತು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಸುಮಾರು 190 ಕೆ.ಜಿ. ತೂಗುತ್ತಿದ್ದ ಅಮೆರಿಕದ ಕ್ರಿಸ್ ಟೇಲರ್ ಫ್ರೀಸ್ಟೈಲ್‌ನಲ್ಲಿ ಕಂಚು ಗೆದ್ದನು; ಆದರೆ ಗ್ರೀಕೊ-ರೋಮನ್‌ನಲ್ಲಿ ಅವನಿಗಿಂತ ಎಷ್ಟೋ ಹಗುರನಾದ ಜರ್ಮನಿಯ ವಿಲ್ಫ್ರೀಡ್ ಡೀಟ್ರಿಚ್ ಅವನನ್ನು ಎದೆಗೊತ್ತಿ ಹಿಂದಕ್ಕೆ ಬಾಗಿ ಎತ್ತಿ ಒಗೆದ ದೃಶ್ಯ ಕುಸ್ತಿಯ ಇತಿಹಾಸದಲ್ಲಿ ಹೆಸರಾಗಿದೆ. 1985ರಲ್ಲಿ ಸಂಸ್ಥೆಯು ಮೇಲಿನ ವರ್ಗಕ್ಕೆ 130 ಕೆ.ಜಿ.ಯ ಛಾವಣಿ ಹಾಕಿತು. ಮುಂದೆ ಅದು 120ಕ್ಕೆ ಇಳಿದು, 2014ರಿಂದ ಫ್ರೀಸ್ಟೈಲ್‌ಗೆ 125, ಗ್ರೀಕೊ-ರೋಮನ್‌ಗೆ 130 ಆಗಿದೆ. ಹೊಸ ವರ್ಗವನ್ನು ಸೇರಿಸುವ ಬದಲು ಅತಿ ದೊಡ್ಡವರನ್ನು ಹೊರಗಿಡುವ ಈ ಉಪಾಯ ಸುಲಭದ್ದು. ಆದರೆ 131 ಕೆ.ಜಿ. ತೂಗುವವನಿಗೆ ಇಡೀ ಕ್ರೀಡೆಯೇ ಮುಚ್ಚಿದಂತೆ. ಮೇಲಾಗಿ ಒಲಿಂಪಿಕ್ಸ್‌ನಲ್ಲಿ ಛಾವಣಿಯ ಕೆಳಗಿನ ವರ್ಗ 97 ಕೆ.ಜಿ.; ಎರಡರ ನಡುವಿನ 28–33 ಕಿಲೊಗಳ ಕಂದಕ ಹಾಗೆಯೇ ಉಳಿದಿದೆ.

ಜೂಡೊದಲ್ಲಿ ಎಲ್ಲ ತೂಕದವರಿಗೂ ತೆರೆದಿದ್ದ ಮುಕ್ತ ವರ್ಗವಿತ್ತು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನೆದರ್‌ಲೆಂಡಿನ ಭಾರಿ ಆಳು ಆಂಟನ್ ಗೀಸಿಂಕ್ ಜಪಾನಿನ ಕಮಿನಾಗಾ ಅಕಿಯೊನನ್ನು ಸೋಲಿಸಿ ಅದರ ಚಿನ್ನ ಗೆದ್ದನು. 1984ರ ನಂತರ ಆ ವರ್ಗವನ್ನು ಒಲಿಂಪಿಕ್ಸ್‌ನಿಂದ ಕೈಬಿಡಲಾಯಿತು. ವೃತ್ತಿಪರ ಸುಮೊದಲ್ಲಿ ಇಂದಿಗೂ ತೂಕ ವರ್ಗಗಳಿಲ್ಲ.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತದ ಹೆವಿವೇಟ್ ಪರಂಪರೆ ಬಹುಮಟ್ಟಿಗೆ ಹರಿಯಾಣ, ಪಂಜಾಬ್ ಮತ್ತು ಸೇನೆಯ ಪರಂಪರೆ. ಹವಾ ಸಿಂಗ್ 1966 ಮತ್ತು 1970ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಹೆವಿವೇಟ್ ಚಿನ್ನ ಗೆದ್ದರು. 1982ರ ದೆಹಲಿ ಕೂಟದಲ್ಲಿ ಚಿನ್ನ ಪಡೆದ ಕೌರ್ ಸಿಂಗ್, ಅದಕ್ಕೆ ಎರಡು ವರ್ಷ ಮುಂಚೆ ದೆಹಲಿಯಲ್ಲಿ ಮೊಹಮ್ಮದ್ ಅಲಿಯೊಡನೆ ಪ್ರದರ್ಶನ ಪಂದ್ಯವಾಡಿದ್ದರು. ಸೂಪರ್ ಹೆವಿವೇಟ್‌ನಲ್ಲಿ ಪರಮ್‌ಜೀತ್ ಸಮೋಟಾ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಚಿನ್ನ ಗೆದ್ದರು. ಸಾಗರ್ ಅಹ್ಲಾವತ್ 2022ರ ಬರ್ಮಿಂಗ್‌ಹ್ಯಾಮ್ ಕೂಟದ ಬೆಳ್ಳಿ ಪಡೆದರು. ಈ ವರ್ಗದಲ್ಲಿ ಒಲಿಂಪಿಕ್ಸ್‌ಗೆ ಅರ್ಹತೆ ಗಳಿಸಿದ ಮೊದಲ ಭಾರತೀಯ ಸತೀಶ್ ಕುಮಾರ್. ಟೋಕಿಯೊದಲ್ಲಿ ಮೊದಲ ಪಂದ್ಯದಲ್ಲಿ ಆದ ಗಾಯಗಳಿಗೆ ಹದಿಮೂರು ಹೊಲಿಗೆ ಹಾಕಿಸಿಕೊಂಡು ಕ್ವಾರ್ಟರ್ ಫೈನಲ್‌ನಲ್ಲಿ ಜಲೊಲೊವ್‌ನನ್ನು ಎದುರಿಸಿ ಸೋತರು.

ಮಹಿಳಾ ವಿಭಾಗದಲ್ಲಿ ಒಲಿಂಪಿಕ್ಸ್‌ನ ಅತಿ ಮೇಲಿನ ವರ್ಗ 75 ಕೆ.ಜಿ.ಗೇ ಮುಗಿಯುತ್ತದೆ. ಅದಕ್ಕಿಂತ ಭಾರದ ಮಹಿಳೆಯರಿಗೆ ಅಲ್ಲಿ ಸ್ಥಾನವೇ ಇಲ್ಲವೆಂಬುದು ಪುರುಷರ ಚರ್ಚೆಯ ಗದ್ದಲದಲ್ಲಿ ಮರೆಯಾಗುತ್ತದೆ. 2025ರ ಲಿವರ್‌ಪೂಲ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರಿಗೆ 80 ಕೆ.ಜಿ. ಮೀರಿದ ವರ್ಗವಿದ್ದು, ಅದರಲ್ಲಿ ಹವಾ ಸಿಂಗ್ ಅವರ ಮೊಮ್ಮಗಳು ನೂಪುರ್ ಶಿಯೊರಾನ್ ಬೆಳ್ಳಿ ಗೆದ್ದರು.

ಕರ್ನಾಟಕದಿಂದ ಅಂತರರಾಷ್ಟ್ರೀಯ ಮಟ್ಟಕ್ಕೆ ಏರಿದ ಕಾಳಗ ಕ್ರೀಡಾಪಟುಗಳಲ್ಲಿ ಹಗುರ ವರ್ಗದವರನ್ನು ಕಾಣುತ್ತೇವೆ. 2020ರ ಏಷ್ಯನ್ ಕುಸ್ತಿ ಚಾಂಪಿಯನ್‌ಷಿಪ್‌ನಲ್ಲಿ ಗ್ರೀಕೊ-ರೋಮನ್ ಕಂಚು ಗೆದ್ದ ಬಾಗಲಕೋಟೆಯ ಅರ್ಜುನ ಹಲಕುರ್ಕಿ ಸ್ಪರ್ಧಿಸಿದ್ದು 55 ಕೆ.ಜಿ. ವರ್ಗದಲ್ಲಿ. ಬಳ್ಳಾರಿ ಸೀಮೆಯ ವಿಜಯನಗರದಲ್ಲಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಕ್ರೀಡಾಸಂಸ್ಥೆಯಲ್ಲಿ ಮುಷ್ಟಿಯುದ್ಧದ ತರಬೇತಿಯಿದ್ದು, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 71 ಕೆ.ಜಿ. ವರ್ಗದಲ್ಲಿ ಆಡಿದ ಹರಿಯಾಣದ ನಿಶಾಂತ್ ದೇವ್ ಅಲ್ಲಿ ಅಭ್ಯಾಸ ಮಾಡಿದವರು.

ಸುರಕ್ಷತೆಯ ಪ್ರಶ್ನೆ ರಾಜ್ಯದಲ್ಲಿ ತೀವ್ರವಾಗಿ ಎದ್ದದ್ದು ತೂಕದ ಕಾರಣಕ್ಕಲ್ಲ. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ರಾಜ್ಯಮಟ್ಟದ ಕಿಕ್‌ಬಾಕ್ಸಿಂಗ್ ಸ್ಪರ್ಧೆಯಲ್ಲಿ ಮೈಸೂರಿನ 23 ವರ್ಷದ ಯುವಕನೊಬ್ಬ ಏಟು ತಿಂದು ಕುಸಿದು ಕೆಲವು ದಿನಗಳಲ್ಲಿ ಆಸ್ಪತ್ರೆಯಲ್ಲಿ ಮೃತಪಟ್ಟನು. ಸ್ಪರ್ಧೆಯ ಸ್ಥಳದಲ್ಲಿ ತಕ್ಕ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂಬುದು ಕುಟುಂಬದವರ ದೂರಾಗಿತ್ತು.